ಸಿಗಡಿ ಇರುವ ಟ್ಯಾಂಕಿಗೆ ಔಷಧಿ ಸುರಿಯುವ ಮುಂಚೆ

ಚಳಿಗಾಲ ಶುರುವಾದರೆ ಸಾಕು, ಮೀನು ಸಾಕುವ ಗೆಳೆಯರಿಂದ ಒಂದೇ ಥರದ ಫೋಟೋಗಳು ಬರಲು ಶುರುವಾಗುತ್ತವೆ. ಟೆಟ್ರಾ ಅಥವಾ ಗಪ್ಪಿಯ ಮೈಮೇಲೆ ಉಪ್ಪು ಉದುರಿಸಿದ ಹಾಗೆ ಬಿಳಿ ಚುಕ್ಕೆ. ಜೊತೆಗೆ "ಯಾವ ಔಷಧಿ ಹಾಕಲಿ?" ಅನ್ನೋ ಪ್ರಶ್ನೆ. ನಾನು ಮೊದಲು ಕೇಳುವುದು, ಟ್ಯಾಂಕಿನಲ್ಲಿ ಮೀನಿನ ಜೊತೆ ಇನ್ನೇನೇನಿದೆ ಅಂತ. ಗಿಡ ಇದೆಯಾ, ಬಸವನಹುಳ ಇದೆಯಾ, ಮುಖ್ಯವಾಗಿ ಸಿಗಡಿ ಇದೆಯಾ?

ಸಿಗಡಿ ಇದೆ ಅಂದರೆ ನನ್ನ ಉತ್ತರ ಬಹುತೇಕ ಒಂದೇ. ಟ್ಯಾಂಕಿಗೆ ಏನೂ ಹಾಕಬೇಡಿ. ಮೀನನ್ನು ಔಷಧಿ ಇರುವ ಕಡೆಗೆ ಕರೆದುಕೊಂಡು ಹೋಗಿ, ಔಷಧಿಯನ್ನು ಟ್ಯಾಂಕಿಗೆ ತರಬೇಡಿ. ಇದಕ್ಕೆ ಕೆಲವು ವಿನಾಯಿತಿಗಳಿವೆ, ಅವನ್ನೂ ಹೇಳುತ್ತೇನೆ. ಆದರೆ ಗಿಡ ಚೆನ್ನಾಗಿ ಬೇರುಬಿಟ್ಟು, ಚೆರ್ರಿ ಶ್ರಿಂಪ್ ಅನ್ನುವ ಪುಟ್ಟ ಸಿಗಡಿಗಳು ಮರಿ ಹಾಕಿಕೊಂಡು ಒಂದು ಹದಕ್ಕೆ ಬಂದ ಟ್ಯಾಂಕನ್ನು ಕಟ್ಟೋಕೆ ತಿಂಗಳುಗಟ್ಟಲೆ ಬೇಕು, ಹಾಳು ಮಾಡೋಕೆ ಒಂದು ಮುಚ್ಚಳ ಔಷಧಿ ಸಾಕು. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಅಂಗಡಿಗೆ ಹೋಗಿ ಫೋಟೋ ತೋರಿಸಿದರೆ ಸಾಮಾನ್ಯವಾಗಿ ಆಗುವುದು ಹೀಗೆ. "ಇದನ್ನ ಹಾಕಿ ಸರ್, ಎರಡು ದಿನದಲ್ಲಿ ಸರಿಹೋಗುತ್ತೆ" ಅಂತ ಒಂದು ಪುಟ್ಟ ಬಾಟಲಿ ಕೊಡುತ್ತಾರೆ. ನೀಲಿ ಅಥವಾ ಹಸಿರು ದ್ರವ. ಒಳಗೆ ಏನಿದೆ ಅಂತ ಲೇಬಲ್ ಮೇಲೆ ಬರೆದಿರುವುದಿಲ್ಲ, ಬರೆದಿದ್ದರೂ ಪ್ರಮಾಣ ಇರುವುದಿಲ್ಲ. ಅಂಗಡಿಯವರನ್ನು ದೂರಬೇಕಿಲ್ಲ, ಅವರ ಹತ್ತಿರ ಬರುವವರಲ್ಲಿ ಹೆಚ್ಚಿನವರು ಬರೀ ಮೀನು ಸಾಕುವವರು. ಆದರೆ ಒಳಗೇನಿದೆ ಅಂತ ಗೊತ್ತಿಲ್ಲದ ಬಾಟಲಿಯನ್ನು ಸಿಗಡಿ ಇರುವ ನೀರಿಗೆ ಹಾಕಲೇಬಾರದು. ನಾನು ಅಂಥದ್ದನ್ನು ಕೊಳ್ಳುವುದೇ ಇಲ್ಲ.

ಅದರಲ್ಲಿ ತಾಮ್ರ ಇದ್ದರೆ ಕತೆ ಮುಗಿದ ಹಾಗೆ. ಮೀನಿನ ಪರಾವಲಂಬಿಗಳಿಗೆ ತಾಮ್ರ ಬಹಳ ಹಳೆಯ ಔಷಧಿ, ಕೆಲಸವೂ ಚೆನ್ನಾಗಿ ಮಾಡುತ್ತದೆ. ತೊಂದರೆ ಏನೆಂದರೆ ಮೀನು ತಡೆದುಕೊಳ್ಳುವ ಪ್ರಮಾಣವನ್ನು ಸಿಗಡಿ ತಡೆದುಕೊಳ್ಳುವುದಿಲ್ಲ. ಸಿಗಡಿಯ ರಕ್ತದಲ್ಲಿ ಆಮ್ಲಜನಕ ಹೊರುವುದು ಹೀಮೋಸಯನಿನ್, ಅದರಲ್ಲಿ ಇರುವುದೇ ತಾಮ್ರ. ಅಂದರೆ ಚೂರೇಚೂರು ತಾಮ್ರ ಅದಕ್ಕೆ ಬೇಕು. ಊಟದ ಮೂಲಕ ಅದು ಸಿಗುತ್ತದೆ. ನೀರಿನಲ್ಲಿ ಕರಗಿದ ತಾಮ್ರ ಹೆಚ್ಚಾದರೆ ಮಾತ್ರ ಕಿವಿರುಗಳನ್ನು ಕೆಡಿಸುತ್ತದೆ, ಮೈಯೊಳಗಿನ ಲವಣದ ಹದವನ್ನು ತಪ್ಪಿಸುತ್ತದೆ. ಗಿಡಕ್ಕೆ ಹಾಕುವ ದ್ರವ ಗೊಬ್ಬರದಲ್ಲೂ ತಾಮ್ರ ಇದೆ ಅಲ್ವಾ ಅಂತ ಹಲವರು ಹೆದರುತ್ತಾರೆ. ಅದು ತೀರಾ ಕಡಿಮೆ, ಬಾಟಲಿಯಲ್ಲಿ ಹೇಳಿದಷ್ಟೇ ಹಾಕಿದರೆ ಭಯ ಬೇಡ.

ಅಡಿಕೆ ತೋಟ ಇರುವ ಮನೆಯವರಿಗೆ ಇದನ್ನು ವಿವರಿಸುವುದು ಸುಲಭ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಮೈಲುತುತ್ತವೇ ಕಾಪರ್ ಸಲ್ಫೇಟ್, 100 ಲೀಟರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಮೀನಿನ ಔಷಧಿಯಲ್ಲಿ ಇರುವುದೂ ಎಷ್ಟೋ ಸಲ ಇದೇ ಮೈಲುತುತ್ತ. ಮಲೆನಾಡಿನ, ಕರಾವಳಿಯ ಕೆಲವರು ತೋಡಿನ ನೀರನ್ನೇ ಟ್ಯಾಂಕಿಗೆ ತರುತ್ತಾರೆ. ತೋಟದ ನೀರು ಇಳಿದು ಬರುವ ತೋಡಾದರೆ ಔಷಧಿ ಹೊಡೆಯುವ ದಿನಗಳಲ್ಲಿ ಆ ನೀರು ಬೇಡವೇ ಬೇಡ. ಇನ್ನೊಂದು, ಚಳಿಯಲ್ಲಿ ನೀರು ಬದಲಿಸುವಾಗ ಬೆಚ್ಚಗಿರಲಿ ಅಂತ ತಾಮ್ರದ ಹಂಡೆಯ ನೀರನ್ನು ಬೆರೆಸುವವರಿದ್ದಾರೆ. ರಾತ್ರಿಯಿಡೀ ತಾಮ್ರದಲ್ಲಿ ನಿಂತ ನೀರನ್ನು ಸಿಗಡಿಗೆ ಕೊಡಬೇಡಿ. ಸ್ಟೀಲ್ ಪಾತ್ರೆಯಲ್ಲಿ ಕಾಯಿಸಿಕೊಳ್ಳಿ.

ತಾಮ್ರದ ಇನ್ನೊಂದು ಕೆಟ್ಟ ಗುಣ, ಅದು ಹೋಗುವುದಿಲ್ಲ. ಗಿಡದ ಮಣ್ಣು, ಕಲ್ಲು, ಕೆಳಗೆ ಕೂತ ಕಸ ಎಲ್ಲದಕ್ಕೂ ಅಂಟಿಕೊಂಡು ನಿಧಾನವಾಗಿ ಮತ್ತೆ ನೀರಿಗೆ ಬಿಡಬಹುದು. ಇವತ್ತು ಸಿಗಡಿ ತೆಗೆದು, ತಾಮ್ರ ಹಾಕಿ, ಮೀನು ವಾಸಿಯಾದ ಮೇಲೆ ಸಿಗಡಿ ವಾಪಸ್ ಬಿಡುತ್ತೇನೆ ಅನ್ನುವ ಲೆಕ್ಕ ಅದಕ್ಕೇ ಸರಿಹೋಗುವುದಿಲ್ಲ. ಮೆದು ನೀರಿನಲ್ಲಿ ತಾಮ್ರದ ವಿಷ ಇನ್ನೂ ಜೋರು. ಹಾಗಾಗಿ ಬೋರ್‌ವೆಲ್‌ನ ಗಡಸು ನೀರಿನಲ್ಲಿ ಸಿಗಡಿ ಸಾಕುವವರೊಬ್ಬರು "ನನಗೇನೂ ಆಗಲಿಲ್ಲ" ಅಂದರೆ, ಆ ಮಾತು ಮೆದು ನೀರಿನ ನಿಮ್ಮ ಟ್ಯಾಂಕಿಗೆ ಅನ್ವಯಿಸುವುದಿಲ್ಲ.

ಇರಲಿ, ಔಷಧಿಗೂ ಮುಂಚೆ ನೀರು. ಮೀನು ಮಂಕಾಗಿದೆ, ಮೇಲೆ ಬಂದು ಏದುಸಿರು ಬಿಡುತ್ತಿದೆ, ರೆಕ್ಕೆ ಮುದುರಿಕೊಂಡಿದೆ ಅಂದರೆ ಮೊದಲು ಅಮೋನಿಯಾ, ನೈಟ್ರೈಟ್ ಟೆಸ್ಟ್ ಮಾಡಿ. ಎರಡೂ ಸೊನ್ನೆ ಇರಬೇಕು. ಅಪಾರ್ಟ್‌ಮೆಂಟಿನಲ್ಲಿ ಇರುವವರು ಸಂಪ್ ತೊಳೆದು ಬ್ಲೀಚಿಂಗ್ ಪೌಡರ್ ಹಾಕಿದ್ದಾರಾ ಅಂತ ವಾಚ್‌ಮನ್ ಹತ್ತಿರ ವಿಚಾರಿಸಿ. ಕಾವೇರಿ ನೀರು ನಿಂತು ಟ್ಯಾಂಕರ್ ನೀರು ಬಂತಾ ಅಂತಲೂ ಕೇಳಿ, ಯಾಕೆಂದರೆ ಒಂದೇ ದಿನದಲ್ಲಿ ಗಡಸುತನ ಅಷ್ಟು ಬದಲಾದರೆ ಮೀನಿಗಿಂತ ಮೊದಲು ಸಿಗಡಿ ಸಾಯುತ್ತದೆ. ಸಿಗಡಿ, ಮೀನು ಎರಡೂ ಒಟ್ಟಿಗೆ ಒದ್ದಾಡುತ್ತಿದ್ದರೆ ಅದು ರೋಗಕ್ಕಿಂತ ನೀರಿನ ಸಮಸ್ಯೆ ಇರುವ ಸಾಧ್ಯತೆಯೇ ಜಾಸ್ತಿ. ಮೀನಿನ ರೋಗ ಸಿಗಡಿಗೆ ಹತ್ತುವುದು ಅಪರೂಪ. ಸಿಗಡಿಗಳು ಆರಾಮಾಗಿ ಮಾಸ್ (ಹಾವಸೆಯಂಥ ಗಿಡ) ಮೇಲೆ ಕೂತು ಮೇಯುತ್ತಿವೆ, ಮೀನು ಮಾತ್ರ ಸರಿಯಿಲ್ಲ ಅಂದರೆ ಆಗ ರೋಗ ಯಾವುದು ಅಂತ ನೋಡೋಣ.

ಇಲ್ಲಿ ದಯವಿಟ್ಟು ಸ್ವಲ್ಪ ಸಮಯ ಕೊಡಿ. ಮೊಬೈಲಿನಲ್ಲಿ ಹತ್ತಿರದಿಂದ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ. ಚುಕ್ಕೆಗಳು ಒಂದೇ ಅಳತೆಯಲ್ಲಿ, ದುಂಡಗೆ, ಬಿಡಿಬಿಡಿಯಾಗಿ, ರೆಕ್ಕೆ ಮೇಲೂ ಮೈಮೇಲೂ ಇದ್ದರೆ ಅದು ಬಿಳಿ ಚುಕ್ಕೆ ರೋಗ, ಎಲ್ಲರೂ ಇಕ್ ಅನ್ನುವುದು ಇದನ್ನೇ. ಚುಕ್ಕೆಗಳು ಬೇರೆ ಬೇರೆ ಅಳತೆಯಲ್ಲಿವೆ, ಚರ್ಮದಿಂದ ಹೊರಗೆ ಉಬ್ಬಿವೆ, ಕಣ್ಣಿನ ಮೇಲೂ ಕೂತಿವೆ ಅಂದರೆ ಎಪಿಸ್ಟೈಲಿಸ್ ಅನ್ನುವ ಬೇರೆ ಸೂಕ್ಷ್ಮಜೀವಿ ಇರಬಹುದು. ಅದು ನೀರು ಕೊಳಕಾದಾಗ ಬರುವುದು, ಜೊತೆಗೆ ಬ್ಯಾಕ್ಟೀರಿಯಾವೂ ಇರುತ್ತದೆ. ಟಾರ್ಚ್ ಬೆಳಕನ್ನು ಓರೆಯಾಗಿ ಬಿಟ್ಟಾಗ ಮೈಮೇಲೆ ಚಿನ್ನದ ಪುಡಿ ಉದುರಿದ ಥರ ಹೊಳೆದರೆ ವೆಲ್ವೆಟ್, ಅದೂ ಒಂದು ಪರಾವಲಂಬಿ ಜೀವಿಯಿಂದ ಬರುವ ರೋಗ. ಬಾಯಿಯ ಸುತ್ತ ಬೂಸ್ಟಿನ ಥರ ಬಿಳಿ, ಬೆನ್ನಿನ ಮೇಲೆ ಜೀನಿನ ಆಕಾರದ ಮಾಸಲು ಪಟ್ಟಿ, ಮೀನು ಒಂದೆರಡು ದಿನದಲ್ಲೇ ಸಾಯುತ್ತಿದೆ ಅಂದರೆ ಕಾಲಮ್ನಾರಿಸ್. ನೋಡೋಕೆ ಶಿಲೀಂಧ್ರದ ಹಾಗೆ ಕಂಡರೂ ಅದು ಬ್ಯಾಕ್ಟೀರಿಯಾ.

ಈ ವ್ಯತ್ಯಾಸ ಯಾಕೆ ಮುಖ್ಯ ಅಂದರೆ, ಇಕ್‌ಗೆ ನೀರು ಬಿಸಿ ಮಾಡುವುದು ಒಳ್ಳೆಯ ಚಿಕಿತ್ಸೆ. ಕಾಲಮ್ನಾರಿಸ್‌ಗೆ ಬಿಸಿ ನೀರು ಕೊಟ್ಟರೆ ಅದು ಇನ್ನೂ ಬೇಗ ಬೆಳೆದು ಮೀನನ್ನು ಕೊಲ್ಲುತ್ತದೆ. ಬಿಳಿ ಏನೋ ಕಂಡಿತು ಅಂತ ಹೀಟರ್ ತಿರುಗಿಸಿಬಿಟ್ಟರೆ ಎಲ್ಲಾ ಮೀನೂ ಹೋಗಬಹುದು. ಇದೊಂದನ್ನಾದರೂ ನೆನಪಿಟ್ಟುಕೊಳ್ಳಿ.

ಈಗ ಇಕ್ ವಿಷಯಕ್ಕೆ ಬರೋಣ, ಹೆಚ್ಚಿನವರಿಗೆ ಬರುವುದು ಇದೇ. ಇದನ್ನು ಮಾಡುವುದು ಒಂದೇ ಕೋಶದ ಜೀವಿ, ಇಕ್ತಿಯೋಫ್ತಿರಿಯಸ್ ಮಲ್ಟಿಫಿಲಿಸ್. ನಾವು ನೋಡುವ ಬಿಳಿ ಚುಕ್ಕೆ ಮೀನಿನ ಚರ್ಮದ ಒಳಗೆ ಕೂತು ತಿನ್ನುತ್ತಿರುತ್ತದೆ. ಅಲ್ಲಿಗೆ ಔಷಧಿ ತಲುಪುವುದಿಲ್ಲ. ತಿಂದು ದಪ್ಪವಾದ ಮೇಲೆ ಅದು ಮೀನನ್ನು ಬಿಟ್ಟು ಉದುರಿ ಮಣ್ಣಿಗೋ ಎಲೆಗೋ ಅಂಟಿಕೊಂಡು ಗಟ್ಟಿ ಚಿಪ್ಪು ಕಟ್ಟಿಕೊಳ್ಳುತ್ತದೆ. ಅಲ್ಲಿಗೂ ಔಷಧಿ ತಲುಪುವುದಿಲ್ಲ. ಆ ಚಿಪ್ಪಿನೊಳಗೆ ಒಂದು ನೂರಾರು ಆಗಿ ಒಡೆದು ಹೊರಗೆ ಈಜಿ ಬಂದು ಮೀನನ್ನು ಹುಡುಕುತ್ತವೆ. ಔಷಧಿಗೆ ಸಿಗುವುದು ಈ ಈಜುವ ಮರಿಗಳು ಮಾತ್ರ. ಅವಕ್ಕೆ ಒಂದೆರಡು ದಿನದಲ್ಲಿ ಮೀನು ಸಿಗದಿದ್ದರೆ ತಾವಾಗೇ ಸಾಯುತ್ತವೆ. ಅದಕ್ಕೇ ಎರಡು ದಿನ ಔಷಧಿ ಹಾಕಿ ಚುಕ್ಕೆ ಮಾಯವಾಯಿತು ಅಂತ ನಿಲ್ಲಿಸಿದವರಿಗೆ ಮುಂದಿನ ವಾರ ಡಬಲ್ ಚುಕ್ಕೆ ಬರುವುದು. ಚುಕ್ಕೆ ವಾಸಿಯಾಗಿರಲಿಲ್ಲ, ಮರಿ ಮಾಡೋಕೆ ಕೆಳಗೆ ಇಳಿದಿತ್ತು ಅಷ್ಟೆ.

ಇದನ್ನು ಅರ್ಥ ಮಾಡಿಕೊಂಡರೆ ಸಿಗಡಿ ಟ್ಯಾಂಕಿನವರಿಗೆ ಒಂದು ಒಳ್ಳೆಯ ದಾರಿ ಕಾಣುತ್ತದೆ. ಈ ಜೀವಿಗೆ ಬದುಕೋಕೆ ಮೀನು ಬೇಕು. ಸಿಗಡಿ ಆಗುವುದಿಲ್ಲ, ಬಸವನಹುಳ ಆಗುವುದಿಲ್ಲ, ಗಿಡವೂ ಆಗುವುದಿಲ್ಲ. ಅಂದಮೇಲೆ ಟ್ಯಾಂಕಿನಿಂದ ಮೀನುಗಳನ್ನೆಲ್ಲ ತೆಗೆದುಬಿಟ್ಟರೆ ಟ್ಯಾಂಕ್ ತನ್ನಷ್ಟಕ್ಕೆ ವಾಸಿಯಾಗುತ್ತದೆ. ನೀರು 26 ಡಿಗ್ರಿ ಆಸುಪಾಸಿನಲ್ಲಿ ಇದ್ದರೆ ಒಂದು ವಾರಕ್ಕೆ ಹೆಚ್ಚುಕಡಿಮೆ ಖಾಲಿ, ನಾನು ಧೈರ್ಯಕ್ಕೆ ಎರಡು ವಾರ ಬಿಡಿ ಅನ್ನುತ್ತೇನೆ. ಆ ಎರಡು ವಾರ ಸಿಗಡಿಗಳಿಗೆ ಹಬ್ಬ. ಮೀನಿನ ಕಾಟ ಇಲ್ಲದೆ ಮರಿಗಳೆಲ್ಲ ಹೊರಗೆ ಬಂದು ಮೇಯುತ್ತವೆ. ಚುಕ್ಕೆ ಇರುವ ಮೀನನ್ನು ಮಾತ್ರ ತೆಗೆದು ಉಳಿದವನ್ನು ಬಿಟ್ಟರೆ ಪ್ರಯೋಜನ ಇಲ್ಲ. ಎಲ್ಲವನ್ನೂ ತೆಗೆಯಬೇಕು, ಒಂದೂ ಉಳಿಯಬಾರದು.

"ಗಿಡದ ಮಧ್ಯೆ ಮೀನು ಹಿಡಿಯೋದು ಹೇಗೆ ಮಾರಾಯಾ?" ಅಂತ ಕೇಳುತ್ತೀರಿ. ಕಷ್ಟವೇ. ರೋಟಾಲಾ ಥರದ ಗಿಡ ದಟ್ಟವಾಗಿ ಬೆಳೆದಿದ್ದರೆ ಬಲೆ ಒಳಗೇ ಹೋಗುವುದಿಲ್ಲ. ಹಗಲು ಅಟ್ಟಿಸಿಕೊಂಡು ಹೋಗಬೇಡಿ, ಮೊದಲೇ ಸುಸ್ತಾದ ಮೀನು ಇನ್ನೂ ಸೋಲುತ್ತದೆ, ಗಿಡವೂ ಕಿತ್ತು ಬರುತ್ತದೆ. ಲೈಟ್ ಆರಿಸಿ ಒಂದೆರಡು ಗಂಟೆ ಬಿಟ್ಟು ಹೋಗಿ. ಕತ್ತಲಿಗೆ ಮೀನು ಒಂದು ಕಡೆ ನಿಂತು ಮಲಗಿದ ಹಾಗೆ ಇರುತ್ತವೆ, ಆಗ ಸಣ್ಣ ಟಾರ್ಚ್ ಹಿಡಿದು ದೊಡ್ಡ ಬಲೆಯನ್ನು ನಿಧಾನವಾಗಿ ಕೆಳಗಿಂದ ತನ್ನಿ. ಎರಡು ಬಲೆ ಇದ್ದರೆ ಒಂದನ್ನು ನಿಲ್ಲಿಸಿ ಇನ್ನೊಂದರಿಂದ ಅದರ ಕಡೆ ತಳ್ಳಬಹುದು. ಉಳಿದವಕ್ಕೆ ನೀರಿನ ಬಾಟಲಿ ಬೋನು. ಒಂದು ಲೀಟರ್ ಬಾಟಲಿಯ ಕತ್ತು ಕತ್ತರಿಸಿ ಉಲ್ಟಾ ಒಳಗೆ ಸಿಕ್ಕಿಸಿ, ಸ್ವಲ್ಪ ಊಟ ಹಾಕಿ ಮಲಗಿಸಿಡಿ. ಸಿಗಡಿಯೂ ಒಳಗೆ ಬರುತ್ತದೆ, ನೋಡಿಕೊಂಡು ವಾಪಸ್ ಬಿಟ್ಟರಾಯಿತು. ಕೊನೆಗೂ ಬರದ ಒಂದೆರಡು ಮೀನಿಗೆ ಟ್ಯಾಂಕಿನ ನೀರನ್ನು ಅರ್ಧಕ್ಕಿಂತ ಕೆಳಗೆ ಇಳಿಸಿ ಹಿಡಿಯಬಹುದು. ಇಳಿಸಿದ ಅದೇ ನೀರನ್ನು ಬಕೆಟ್‌ಗಳಲ್ಲಿ ಇಟ್ಟುಕೊಂಡು ವಾಪಸ್ ತುಂಬಿಸಿ. ಹೊಸ ನೀರು ಅಷ್ಟೊಂದು ಹಾಕಿದರೆ ಸಿಗಡಿಗೆ ತಡೆಯುವುದಿಲ್ಲ.

ಹಿಡಿದ ಮೀನಿಗೆ ಚಿಕಿತ್ಸೆ ಕೊಡುವ ಆಸ್ಪತ್ರೆ ಟಬ್‌ಗೆ ದುಡ್ಡು ಖರ್ಚು ಮಾಡಬೇಕಿಲ್ಲ. 20 ಲೀಟರ್ ಹಿಡಿಯುವ ಪ್ಲಾಸ್ಟಿಕ್ ಟಬ್, ಸೋಪು ಮುಟ್ಟದ್ದು. ಒಂದು ಸಣ್ಣ ಹೀಟರ್, ಏರ್ ಪಂಪ್, ಸ್ಪಾಂಜ್ ಫಿಲ್ಟರ್, ಅಡಗಿಕೊಳ್ಳೋಕೆ ಪಿವಿಸಿ ಪೈಪಿನ ತುಂಡು, ಮೇಲೆ ಮುಚ್ಚಳ. ಮಣ್ಣು, ಕಲ್ಲು ಏನೂ ಬೇಡ, ಬರಿ ತಳ ಇದ್ದರೆ ಉದುರಿದ ಚಿಪ್ಪುಗಳನ್ನು ದಿನಾ ಪೈಪಿನಲ್ಲಿ ಎಳೆದು ತೆಗೆಯಬಹುದು. ಟ್ಯಾಂಕಿನಲ್ಲೇ ಯಾವಾಗಲೂ ಒಂದು ಸ್ಪಾಂಜ್ ಫಿಲ್ಟರ್ ಹೆಚ್ಚಿಗೆ ಓಡಿಸುತ್ತಿರಿ ಅನ್ನುವುದು ನನ್ನ ಸಲಹೆ. ತುರ್ತಿಗೆ ಅದನ್ನೇ ಟಬ್‌ಗೆ ಹಾಕಿದರೆ ಒಳ್ಳೆಯ ಬ್ಯಾಕ್ಟೀರಿಯಾ ಜೊತೆಗೇ ಹೋಗುತ್ತದೆ. ಔಷಧಿಯಲ್ಲಿ ಓಡಿದ ಸ್ಪಾಂಜನ್ನು ಆಮೇಲೆ ಸಿಗಡಿ ಟ್ಯಾಂಕಿಗೆ ವಾಪಸ್ ಹಾಕಬೇಡಿ, ಅಷ್ಟೇ. ಟಬ್ಬಿನ ನೀರನ್ನು ದಿನಾ ಕಾಲು ಭಾಗವಾದರೂ ಬದಲಿಸಬೇಕು. ಆಸ್ಪತ್ರೆ ಟಬ್ಬಿನಲ್ಲಿ ರೋಗಕ್ಕಿಂತ ಅಮೋನಿಯಾದಿಂದ ಸತ್ತ ಮೀನುಗಳೇ ಜಾಸ್ತಿ ಇರಬೇಕು ಅನ್ನಿಸುತ್ತದೆ ನನಗೆ.

ಟಬ್ಬಿನಲ್ಲಿ ಇಕ್‌ಗೆ ಮೊದಲ ಆಯ್ಕೆ ಉಪ್ಪು ಮತ್ತು ಶಾಖ. ಕಲ್ಲುಪ್ಪು, ಲೀಟರಿಗೆ 2 ಗ್ರಾಂ. 20 ಲೀಟರಿಗೆ 40 ಗ್ರಾಂ, ಅಡುಗೆಮನೆ ತಕ್ಕಡಿಯಲ್ಲಿ ತೂಕ ಮಾಡಿ, ಚಮಚದ ಲೆಕ್ಕ ಬೇಡ. ಒಂದೇ ಸಲ ಸುರಿಯದೆ ಒಂದು ದಿನದಲ್ಲಿ ಭಾಗ ಮಾಡಿ ಕರಗಿಸಿ ಹಾಕಿ. ಕೋರಿಡೋರಾಸ್, ಲೋಚ್ ಥರದ ಮೀನಿಗೆ ಅರ್ಧದಿಂದ ಶುರು ಮಾಡಿ ನೋಡಿಕೊಳ್ಳಿ. ಶಾಖವನ್ನು ನಿಧಾನವಾಗಿ 30 ಡಿಗ್ರಿಗೆ ಏರಿಸಿ, ಕೊನೆಯ ಚುಕ್ಕೆ ಹೋದ ಮೇಲೂ ಒಂದು ವಾರ ಮುಂದುವರಿಸಿ. ಇದಕ್ಕೂ ಬಗ್ಗದಿದ್ದರೆ ಮ್ಯಾಲಕೈಟ್ ಗ್ರೀನ್, ಫಾರ್ಮಲಿನ್ ಇರುವ ಔಷಧಿ, ಬಾಟಲಿಯಲ್ಲಿ ಹೇಳಿದ ಪ್ರಮಾಣದಲ್ಲಿ. ಕೈಗವಸು ಹಾಕಿಕೊಳ್ಳಿ, ಮಕ್ಕಳಿಂದ ದೂರ ಇಡಿ, ಎರಡೂ ಮನುಷ್ಯರಿಗೂ ಒಳ್ಳೆಯದಲ್ಲ. ಫಾರ್ಮಲಿನ್ ನೀರಿನ ಆಮ್ಲಜನಕ ಕಡಿಮೆ ಮಾಡುವುದರಿಂದ ಏರ್ ಪಂಪ್ ಜೋರಾಗಿ ಓಡುತ್ತಿರಬೇಕು. ವೆಲ್ವೆಟ್ ಇದ್ದರೂ ಇದೇ ಟಬ್. ತಾಮ್ರ ಕೊಡಬೇಕಾದರೆ ಇಲ್ಲಿಯೇ. ಜೊತೆಗೆ ಟಬ್ ಮೇಲೆ ಬಟ್ಟೆ ಮುಚ್ಚಿ ಕತ್ತಲೆ ಮಾಡಿ, ಆ ಜೀವಿಗೆ ಬೆಳಕು ಬೇಕು.

ಮೆಥಿಲೀನ್ ಬ್ಲೂ ಬಗ್ಗೆ ಒಂದು ಮಾತು. ಎಲ್ಲಾ ಅಂಗಡಿಯಲ್ಲೂ ಸಿಗುತ್ತದೆ, ಅಗ್ಗ, ಮೊಟ್ಟೆಗೆ ಹತ್ತುವ ಬೂಸ್ಟಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಗಿಡದ ಟ್ಯಾಂಕಿಗೆ ಬೇಡ. ಫಿಲ್ಟರ್ ಬ್ಯಾಕ್ಟೀರಿಯಾವನ್ನು ಕೆಡಿಸುತ್ತದೆ, ಗಿಡ ಸೊರಗುತ್ತದೆ, ಟ್ಯಾಂಕಿನ ಸಿಲಿಕೋನ್ ಶಾಶ್ವತವಾಗಿ ನೀಲಿಯಾಗುತ್ತದೆ.

ಮೀನನ್ನು ತೆಗೆಯೋಕೆ ಆಗಲೇ ಇಲ್ಲ ಅನ್ನುವವರಿಗೆ ಟ್ಯಾಂಕಿನಲ್ಲೇ ಶಾಖದ ಚಿಕಿತ್ಸೆ ಮಾಡಬಹುದಾ? ಚೆರ್ರಿ ಶ್ರಿಂಪ್ ಮತ್ತು ಅದರ ಬಣ್ಣದ ಸೋದರರು, ಅಂದರೆ ನಿಯೋಕ್ಯಾರಿಡಿನಾಗಳು ಮಾತ್ರ ಇದ್ದರೆ, ಮಾಡಬಹುದು. ಎರಡು ದಿನ ತೆಗೆದುಕೊಂಡು 29–30 ಡಿಗ್ರಿಗೆ ಏರಿಸಿ, ಏರ್ ಸ್ಟೋನ್ ಹಾಕಿ, ಗಿಡಕ್ಕೆ ಬಿಡುವ ಸಿಒ2 ಅನಿಲ ನಿಲ್ಲಿಸಿ. 25 ಡಿಗ್ರಿ ನೀರು ಲೀಟರಿಗೆ ಸುಮಾರು 8.3 ಮಿಲಿಗ್ರಾಂ ಆಮ್ಲಜನಕ ಹಿಡಿದರೆ 30 ಡಿಗ್ರಿಯ ನೀರು ಸುಮಾರು 7.5 ಅಷ್ಟೇ ಹಿಡಿಯುತ್ತದೆ, ಮೀನಿಗೆ ಸಿಗಡಿಗೆ ಬೇಕಾಗುವುದು ಮಾತ್ರ ಆಗ ಜಾಸ್ತಿ. ಮೊಟ್ಟೆ ಹೊತ್ತ ಹೆಣ್ಣುಗಳು ಮೊಟ್ಟೆ ಉದುರಿಸಬಹುದು, ಅದಕ್ಕೆ ತಯಾರಿರಿ. ಕ್ರಿಸ್ಟಲ್ ರೆಡ್ ಥರದ ಕ್ಯಾರಿಡಿನಾ ಇದ್ದರೆ ಈ ದಾರಿ ಬಂದ್. ಅವು ತಂಪು ನೀರಿನವು, 30 ಡಿಗ್ರಿಯಲ್ಲಿ ಉಳಿಯುವುದಿಲ್ಲ. ಕೆಲವು ಇಕ್ ತಳಿಗಳು ಈ ಶಾಖವನ್ನು ತಡೆದುಕೊಳ್ಳುತ್ತವೆ ಅನ್ನುವುದೂ ನಿಜ, ಐದಾರು ದಿನದಲ್ಲಿ ಚುಕ್ಕೆ ಕಡಿಮೆ ಆಗದಿದ್ದರೆ ಬಲೆ ಕೈಗೆತ್ತಿಕೊಳ್ಳಲೇಬೇಕು.

ಮಂಗಳೂರು, ಉಡುಪಿ ಕಡೆಯವರಿಗೆ ಟ್ಯಾಂಕ್ ನೀರು ವರ್ಷದ ಹೆಚ್ಚಿನ ಕಾಲ ತಾನಾಗೇ ಬೆಚ್ಚಗಿರುತ್ತದೆ. ಬೆಂಗಳೂರು, ಮೈಸೂರು, ಮಡಿಕೇರಿಯವರಿಗೆ ಡಿಸೆಂಬರ್, ಜನವರಿ ರಾತ್ರಿಗಳು ಕಷ್ಟ. ಹಗಲು ಬಿಸಿ, ರಾತ್ರಿ ತಣ್ಣಗೆ, ಈ ಏರಿಳಿತವೇ ಮೀನಿನ ಶಕ್ತಿ ಕುಗ್ಗಿಸುತ್ತದೆ. 24 ಡಿಗ್ರಿಗೆ ಹೀಟರ್ ಒಂದನ್ನು ಚಳಿಗಾಲ ಪೂರ್ತಿ ಹಾಕಿಟ್ಟರೆ ಈ ಬರಹದ ಅರ್ಧದಷ್ಟು ನಿಮಗೆ ಬೇಕಾಗುವುದಿಲ್ಲ.

ಉಪ್ಪನ್ನು ಗಿಡದ ಟ್ಯಾಂಕಿಗೇ ಹಾಕಿ ಅನ್ನುವ ಸಲಹೆಯೂ ಓಡಾಡುತ್ತಿದೆ. ಚೆರ್ರಿ ಶ್ರಿಂಪ್ ಸ್ವಲ್ಪ ಉಪ್ಪನ್ನು ತಡೆದುಕೊಳ್ಳುತ್ತದೆ ನಿಜ. ಆದರೆ ಇಕ್ ಹೋಗುವಷ್ಟು ಉಪ್ಪಿಗೆ ವ್ಯಾಲಿಸ್ನೇರಿಯಾ, ಮಾಸ್, ತೆಳು ಎಲೆಯ ಗಿಡಗಳು ಕರಗಿಹೋಗುತ್ತವೆ. ಉಪ್ಪು ಆವಿಯಾಗುವುದಿಲ್ಲ, ನೀರು ಬದಲಿಸಿ ಬದಲಿಸಿಯೇ ತೆಗೆಯಬೇಕು. ಕರಗಿದ ಗಿಡ ಕೊಳೆತು ಅಮೋನಿಯಾ ಆಗುವುದು ಬೇರೆ. ನಾನು ಇದಕ್ಕೆ ಹೂಂ ಅನ್ನುವುದಿಲ್ಲ.

ಈಗ ಹುಳುವಿನ ವಿಷಯ. ಇದು ಟ್ಯಾಂಕಿನಲ್ಲೇ ಔಷಧಿ ಹಾಕಬಹುದಾದ ಮುಖ್ಯ ವಿನಾಯಿತಿ. ಗಪ್ಪಿಯ ಹಿಂಭಾಗದಿಂದ ಕೆಂಪು ದಾರದ ಥರ ಹುಳು ಹೊರಗೆ ಇಣುಕುತ್ತಿದೆ, ಮೀನು ಅಲುಗಾಡದೆ ನಿಂತಾಗ ಕಾಣುತ್ತದೆ, ಈಜಿದರೆ ಒಳಗೆ ಸರಿಯುತ್ತದೆ. ಅದು ಕ್ಯಾಮಲ್ಲಾನಸ್. ಇದಕ್ಕೆ ಲೆವಾಮಿಸೋಲ್. ಸಾಮಾನ್ಯವಾಗಿ ಬಳಸುವ ಪ್ರಮಾಣ ಲೀಟರಿಗೆ 2 ಮಿಲಿಗ್ರಾಂ, ಒಂದು ದಿನ. ಸಿಗಡಿಯೂ ಬಸವನಹುಳವೂ ಇದನ್ನು ತಡೆದುಕೊಳ್ಳುತ್ತವೆ. ಬೆಳಕಿಗೆ ಔಷಧಿ ಒಡೆಯುವುದರಿಂದ ಲೈಟ್ ಆರಿಸಿ ಕಿಟಕಿಗೂ ಪರದೆ ಹಾಕಿ. ಇದು ಹುಳುವನ್ನು ಮರಗಟ್ಟಿಸುತ್ತದೆ, ಮೀನು ಅದನ್ನು ಹೊರಗೆ ಹಾಕುತ್ತದೆ. ಹಾಗೆ ಬಿದ್ದ ಹುಳುವನ್ನು ತಳದಿಂದ ಎಳೆದು ತೆಗೆಯದಿದ್ದರೆ ಮಾಡಿದ್ದೆಲ್ಲ ವ್ಯರ್ಥ. ಎರಡು ಮೂರು ವಾರ ಬಿಟ್ಟು ಮತ್ತೊಮ್ಮೆ ಮಾಡಬೇಕು.

ಕಿವಿರಿನ ಹುಳು, ಲಾಡಿಹುಳುಗಳಿಗೆ ಪ್ರಾಜಿಕ್ವಾಂಟೆಲ್. ಲೀಟರಿಗೆ 2ರಿಂದ 5 ಮಿಲಿಗ್ರಾಂ. ಸಿಗಡಿಗೆ ತೊಂದರೆ ಇಲ್ಲ, ಗಿಡಕ್ಕೂ ಇಲ್ಲ. ನೀರಿನಲ್ಲಿ ಸುಲಭಕ್ಕೆ ಕರಗುವುದಿಲ್ಲ, ಅದಕ್ಕೆ ಚೆನ್ನಾಗಿ ಪುಡಿ ಮಾಡಿ ಸ್ವಲ್ಪ ನೀರಿನಲ್ಲಿ ಕುಲುಕಿ ಹಾಕಬೇಕು. ಎಚ್ಚರ ಬೇಕಿರುವುದು ಇಲ್ಲಿ. ನಾಯಿಯ ಜಂತುಹುಳು ಮಾತ್ರೆಯಲ್ಲೂ ಇದೇ ಇದೆ ಅಂತ ಕೆಲವರು ಅದನ್ನೇ ಹಾಕುತ್ತಾರೆ. ಆ ಮಾತ್ರೆಗಳಲ್ಲಿ ಪ್ರಾಜಿಕ್ವಾಂಟೆಲ್ ಜೊತೆ ಫೆಬಾಂಟೆಲ್ ಅಥವಾ ಫೆನ್‌ಬೆಂಡಜೋಲ್ ಇರುತ್ತದೆ. ಫೆನ್‌ಬೆಂಡಜೋಲ್ ಸಿಗಡಿಗೆ ಅಷ್ಟು ಹಾನಿ ಮಾಡದಿದ್ದರೂ ನೆರೈಟ್ ಬಸವನಹುಳಗಳನ್ನು ಕೊಲ್ಲುತ್ತದೆ, ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಟ್ಯಾಂಕಿನಲ್ಲಿ ಪ್ಲನೇರಿಯಾ ಅನ್ನುವ ಚಪ್ಪಟೆ ಹುಳುಗಳು ತುಂಬಿದ್ದರೆ ಅವೆಲ್ಲ ಒಟ್ಟಿಗೆ ಸತ್ತು ಕೊಳೆಯುತ್ತವೆ, ಸಿಗಡಿ ಸಾಯುವುದು ಆ ಅಮೋನಿಯಾಕ್ಕೆ. ಒಂದೇ ಔಷಧಿ ಇರುವ ಪುಡಿ ಸಿಕ್ಕರೆ ಮಾತ್ರ ಬಳಸಿ. ಪಶುವೈದ್ಯರನ್ನು ಕೇಳಿ, ಮೀನಿಗೆ ಅಂತ ಹೇಳೋಕೆ ಸಂಕೋಚ ಬೇಡ.

ಪ್ರಮಾಣ ಹಾಕುವಾಗ ಟ್ಯಾಂಕಿನ ನಿಜವಾದ ನೀರಿನ ಲೆಕ್ಕ ಬೇಕು. 60 ಸೆಂಮೀ ಉದ್ದ, 30 ಅಗಲ, 36 ಎತ್ತರದ ಟ್ಯಾಂಕು ಗುಣಿಸಿದರೆ ಸುಮಾರು 65 ಲೀಟರ್. ಆದರೆ ಮಣ್ಣು, ಕಲ್ಲು, ಕಟ್ಟಿಗೆ, ಮೇಲೆ ಬಿಟ್ಟ ಜಾಗ ಕಳೆದರೆ 50 ಲೀಟರ್ ಇದ್ದರೆ ಹೆಚ್ಚು. 65ರ ಲೆಕ್ಕದಲ್ಲಿ ಹಾಕಿದರೆ ಅದು ಕಾಲುಭಾಗಕ್ಕಿಂತ ಜಾಸ್ತಿ ಡೋಸ್. ಸಿಗಡಿ ಇರುವಲ್ಲಿ ಈ ವ್ಯತ್ಯಾಸ ಸಣ್ಣದಲ್ಲ.

ಕಣ್ಣಿಗೆ ಕಾಣುವ ಎರಡು ಪರಾವಲಂಬಿಗಳಿವೆ. ಆಂಕರ್ ವರ್ಮ್ ಅನ್ನುವುದು ಮೈಯಿಂದ ದಾರದ ಹಾಗೆ ನೇತಾಡುತ್ತದೆ, ಮೀನಿನ ಹೇನು ಚಪ್ಪಟೆಯಾಗಿ ಮೈಮೇಲೆ ಓಡಾಡುತ್ತದೆ. ಹೆಸರಿನಲ್ಲಿ ಹುಳು ಇದ್ದರೂ ಹೇನು ಇದ್ದರೂ ಎರಡೂ ಸಿಗಡಿಯ ಬಳಗದವು, ಕಠಿಣಚರ್ಮಿಗಳು. ಇವನ್ನು ಕೊಲ್ಲುವ ಔಷಧಿಗಳು, ಡೈಫ್ಲುಬೆಂಜುರಾನ್ ಆಗಲಿ ಟ್ರೈಕ್ಲೋರ್ಫಾನ್ ಆಗಲಿ, ಸಿಗಡಿಯನ್ನೂ ಅದೇ ದಾರಿಯಲ್ಲಿ ಕೊಲ್ಲುತ್ತವೆ. ಡೈಫ್ಲುಬೆಂಜುರಾನ್ ಅಂತೂ ಚಿಪ್ಪು ಕಟ್ಟುವುದನ್ನೇ ತಡೆಯುತ್ತದೆ, ಹಾಗಾಗಿ ಹಾಕಿದ ದಿನ ಏನೂ ಆಗದೆ ಮುಂದೆ ಪೊರೆ ಬಿಡುವಾಗ ಒಂದೊಂದೇ ಸಾಯುತ್ತವೆ, ಕಾರಣವೂ ಹೊಳೆಯುವುದಿಲ್ಲ. ಐವರ್ಮೆಕ್ಟಿನ್, ನಾಯಿಯ ಉಣ್ಣೆ ಔಷಧಿ ಇವೂ ಅಷ್ಟೇ. ಮೀನನ್ನು ಒದ್ದೆ ಬಟ್ಟೆಯಲ್ಲಿ ಹಿಡಿದು ಚಿಮುಟದಿಂದ ಬುಡಕ್ಕೆ ಹಿಡಿದು ಎಳೆದು ತೆಗೆದು, ಟಬ್ಬಿನಲ್ಲಿ ಉಪ್ಪುನೀರಿನಲ್ಲಿ ಇಟ್ಟು ಗಾಯ ಮಾಗಿಸುವುದೇ ಸರಿ.

ಬ್ಯಾಕ್ಟೀರಿಯಾ ರೋಗಗಳಿಗೆ ಬಂದರೆ ನನಗೆ ಸ್ವಲ್ಪ ಕೋಪವೇ ಬರುತ್ತದೆ. ರೆಕ್ಕೆ ಹರಿದಿದೆ ಅಂದರೆ ಮೆಡಿಕಲ್ ಶಾಪಿನ ಆಂಟಿಬಯೋಟಿಕ್ ಕ್ಯಾಪ್ಸೂಲ್ ಒಡೆದು ಟ್ಯಾಂಕಿಗೆ ಸುರಿಯುವ ಅಭ್ಯಾಸ ಎಷ್ಟು ಜನರಿಗಿದೆ! ಮಾಮೂಲಿ ಪ್ರಮಾಣದಲ್ಲಿ ಸಿಗಡಿ ನೇರವಾಗಿ ಸಾಯದೇ ಇರಬಹುದು. ಆದರೆ ಸಿಗಡಿ ತಿನ್ನುವುದೇ ಎಲೆ ಮೇಲಿನ ಜೀವಪದರವನ್ನು, ಫಿಲ್ಟರ್ ನಡೆಯುವುದೂ ಬ್ಯಾಕ್ಟೀರಿಯಾದಿಂದ. ಎರಡಕ್ಕೂ ಪೆಟ್ಟು. ಆಕ್ಸಿಟೆಟ್ರಾಸೈಕ್ಲಿನ್ ಗಡಸು ನೀರಿನ ಕ್ಯಾಲ್ಸಿಯಂಗೆ ಅಂಟಿಕೊಂಡು ಕೆಲಸವನ್ನೇ ಮಾಡುವುದಿಲ್ಲ, ನೀರು ಮಾತ್ರ ಕಂದು ಬಣ್ಣಕ್ಕೆ ತಿರುಗುತ್ತದೆ. ಉಳಿದ ನೀರು ಎಲ್ಲಿಗೆ ಹೋಗುತ್ತದೆ? ಚರಂಡಿಗೆ, ಅಲ್ಲಿಂದ ಕೆರೆಗೆ. ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಹುಟ್ಟುವುದು ಹೀಗೇ. ಹರಿದ ರೆಕ್ಕೆಗೆ ಹೆಚ್ಚಿನ ಸಲ ಶುದ್ಧ ನೀರು, ಕಚ್ಚುವ ಮೀನನ್ನು ಬೇರೆ ಮಾಡುವುದು, ಒಣಗಿದ ಒಂದೆರಡು ಕಾಡುಬಾದಾಮಿ ಎಲೆ ಸಾಕು. ಆ ಎಲೆ ಸಿಗಡಿಗೂ ಇಷ್ಟ. ನಮ್ಮ ರಸ್ತೆಗಳಲ್ಲೇ ಬೇಕಾದಷ್ಟು ಬಿದ್ದಿರುತ್ತದೆ, ಔಷಧಿ ಹೊಡೆಯದ ಮರದ ಕೆಳಗಿನದು ಆರಿಸಿಕೊಳ್ಳಿ. ಕಾಲಮ್ನಾರಿಸ್ ಥರದ್ದು ಬಂದಾಗ ಆಂಟಿಬಯೋಟಿಕ್ ಬೇಕೇ ಬೇಕು, ಅದನ್ನು ವೈದ್ಯರ ಸಲಹೆ ಮೇಲೆ ಟಬ್ಬಿನಲ್ಲಿ, ಪೂರ್ತಿ ಕೋರ್ಸ್ ಕೊಡಿ. ಮೀನು ತಿನ್ನುತ್ತಿದ್ದರೆ ಊಟದಲ್ಲಿ ಬೆರೆಸಿ ಕೊಡುವುದು ಇನ್ನೂ ಒಳ್ಳೆಯದು. ಔಷಧಿ ಕಡಿಮೆ ಸಾಕು, ಹೋಗಬೇಕಾದ ಜಾಗಕ್ಕೆ ಹೋಗುತ್ತದೆ.

ವಾಸಿಯಾಗದ ರೋಗಗಳೂ ಇವೆ. ನಿಯಾನ್ ಟೆಟ್ರಾದ ಬಣ್ಣ ತೇಪೆ ತೇಪೆಯಾಗಿ ಮಾಸಿ, ಬೆನ್ನು ಡೊಂಕಾಗಿ, ಗುಂಪು ಬಿಟ್ಟು ಒಂಟಿಯಾಗಿ ನಿಂತರೆ ಅದು ಪ್ಲೀಸ್ಟೋಫೋರಾ ಅನ್ನುವ ಪರಾವಲಂಬಿ ಇರಬಹುದು, ಔಷಧಿ ಇಲ್ಲ. ಹೊಟ್ಟೆ ಊದಿ ಹುರುಪೆಗಳು ಎದ್ದು ನಿಂತ ಮೀನು ಉಳಿಯುವುದು ಕಷ್ಟ. ಇಂಥ ಮೀನನ್ನು ಬೇರೆ ಟಬ್ಬಿಗೆ ಹಾಕಿ ನೆಮ್ಮದಿಯಾಗಿ ಇರಲು ಬಿಡಿ. ಟ್ಯಾಂಕಿನಲ್ಲೇ ಸತ್ತರೆ ಬೇರೆ ಮೀನುಗಳು ಕಚ್ಚಿ ತಿಂದು ರೋಗ ಹರಡುತ್ತದೆ.

ಚಿಕಿತ್ಸೆ ಮುಗಿದ ಮೇಲಿನ ಕೆಲಸದಲ್ಲಿ ಅವಸರ ಬೇಡ. ಟ್ಯಾಂಕಿಗೆ ಹುಳುವಿನ ಔಷಧಿ ಹಾಕಿದ್ದರೆ ಆಕ್ಟಿವೇಟೆಡ್ ಕಾರ್ಬನ್ ಒಂದು ಚೀಲ ಫಿಲ್ಟರಿಗೆ ಹಾಕಿ, ನೀರನ್ನು ಒಂದೊಂದು ಸಲ ಕಾಲುಭಾಗದಂತೆ ಬದಲಿಸಿ. ಮೀನು ಸಾಕುವವರು ಒಂದೇ ಸಲ ಮುಕ್ಕಾಲು ಭಾಗ ಬದಲಿಸುವುದುಂಟು. ಸಿಗಡಿಗೆ ಅದು ಆಗದು. ನೀರಿನ ಹದ ಒಮ್ಮೆಲೇ ಬದಲಾದರೆ ಅವು ಹೊತ್ತಲ್ಲದ ಹೊತ್ತಲ್ಲಿ ಪೊರೆ ಬಿಡೋಕೆ ಹೋಗಿ, ಕತ್ತಿನ ಹಿಂದೆ ಬಿಳಿ ಉಂಗುರ ಕಾಣಿಸಿಕೊಂಡು ಸಾಯುತ್ತವೆ. ಟಬ್ಬಿನ ಮೀನನ್ನು ವಾಪಸ್ ತರುವಾಗಲೂ ಟಬ್ಬಿನ ನೀರು ಒಂದು ಹನಿಯೂ ಟ್ಯಾಂಕಿಗೆ ಹೋಗದ ಹಾಗೆ, ಬಲೆಯಲ್ಲಿ ಮೀನನ್ನು ಮಾತ್ರ ಎತ್ತಿ ಬಿಡಿ.

ಇಕ್ ಎಲ್ಲಿಂದ ಬರುತ್ತದೆ ಅಂದರೆ ಹೆಚ್ಚಾಗಿ ಹೊಸ ಮೀನಿನಿಂದ. ನಮ್ಮಲ್ಲಿ ಮಾರುವ ಎಷ್ಟೋ ಮೀನುಗಳು ಚೆನ್ನೈನ ಕೊಳತ್ತೂರಿನಿಂದ, ಕೋಲ್ಕತ್ತಾದಿಂದ ರಾತ್ರಿಯಿಡೀ ಚೀಲದಲ್ಲಿ ಕುಲುಕಿಕೊಂಡು ಬಂದವು. ಅಂಗಡಿಯ ಎಲ್ಲಾ ತೊಟ್ಟಿಗೂ ಒಂದೇ ಬಲೆ. ಅಲ್ಲಿ ಚೆನ್ನಾಗಿ ಕಂಡ ಮೀನಿನ ಮೈಮೇಲೆ ಮನೆಗೆ ಬಂದು ಮೂರನೇ ದಿನ ಚುಕ್ಕೆ ಏಳುವುದು ಆಶ್ಚರ್ಯವೇ ಅಲ್ಲ. ಅದೇ 20 ಲೀಟರ್ ಟಬ್ಬಿನಲ್ಲಿ ಹೊಸ ಮೀನನ್ನು ನಾಲ್ಕು ವಾರ ಇಟ್ಟು, ಚೆನ್ನಾಗಿ ತಿನ್ನಿಸಿ, ಆಮೇಲೆ ಟ್ಯಾಂಕಿಗೆ ಬಿಡಿ. ಅಂಗಡಿ ಚೀಲದ ನೀರನ್ನು ಚೆಲ್ಲಿಬಿಡಿ. ಹೊಸ ಗಿಡಗಳನ್ನೂ ಬೇರೆ ಬಕೆಟ್ಟಿನಲ್ಲಿ ಒಂದು ವಾರವಾದರೂ ದಿನಾ ನೀರು ಬದಲಿಸಿ ಇಡಿ. ಎಲೆಗೆ ಅಂಟಿದ ಚಿಪ್ಪುಗಳು ಮೀನಿಲ್ಲದೆ ಸಾಯುತ್ತವೆ, ನರ್ಸರಿಯಲ್ಲಿ ಹೊಡೆದ ಕೀಟನಾಶಕವೂ ಸ್ವಲ್ಪ ತೊಳೆದುಹೋಗುತ್ತದೆ. ಆ ಬಕೆಟ್ಟಿಗೆ ಕೊನೆಯ ದಿನ ಒಂದೆರಡು ಬಸವನಹುಳ ಬಿಟ್ಟು ನೋಡಿ. ಅವು ಓಡಾಡಿಕೊಂಡಿದ್ದರೆ ಗಿಡವನ್ನು ಟ್ಯಾಂಕಿಗೆ ನೆಡಬಹುದು.

ಟಬ್ಬಿಗೆ ಒಂದು ಬಲೆ, ಟ್ಯಾಂಕಿಗೆ ಒಂದು ಬಲೆ, ಬೇರೆ ಬೇರೆ ಬಣ್ಣದ್ದು ತಂದರೆ ಗೊಂದಲ ಆಗುವುದಿಲ್ಲ. ಬಳಸಿದ ಮೇಲೆ ಬಿಸಿಲಿಗೆ ಪೂರ್ತಿ ಒಣಗಿಸಿ. ಇಕ್ ಒಣಗಿದ ಜಾಗದಲ್ಲಿ ಬದುಕುವುದಿಲ್ಲ.